ಆಟದ ನಲವತ್ತನೇ ನಿಮಿಷ

ಕನ್ಸೋಲ್‌ಗೆಂದು, ಅಂದರೆ ಪ್ಲೇಸ್ಟೇಷನ್‌ನಂಥ ಗೇಮ್ ಯಂತ್ರಕ್ಕೆಂದು ಬರೆದ ಗೇಮ್‌ಗಳನ್ನು ಟ್ಯಾಬ್ಲೆಟ್‌ಗೆ, ಟಿವಿ ಬಾಕ್ಸ್‌ಗೆ ಹೊಂದಿಸಿಕೊಡುವುದು ನನ್ನ ಕೆಲಸ. ಈ ಕೆಲಸದಲ್ಲಿ ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಸರ್, ಈ ಟ್ಯಾಬ್ಲೆಟ್‌ನ ಸ್ಕೋರ್ ನೋಡಿದ್ರಾ? ಕನ್ಸೋಲ್‌ಗೆ ಸಮ ಇದೆ. ಅಂದ್ಮೇಲೆ ಗೇಮ್ ಇದ್ದ ಹಾಗೇ ಇದರಲ್ಲಿ ಓಡಬೇಕಲ್ವಾ?"

ಕೇಳುವವರು ದಡ್ಡರಲ್ಲ. ಸ್ಟುಡಿಯೋ ನಡೆಸುವವರು, ಪ್ರಾಜೆಕ್ಟ್‌ಗೆ ದುಡ್ಡು ಹಾಕುವವರು, ಮಕ್ಕಳಿಗೆ ಯಾವುದು ಕೊಡಿಸಲಿ ಎಂದು ವಿಚಾರಿಸುವ ಅಪ್ಪ ಅಮ್ಮಂದಿರು. ಯಂತ್ರದ ವೇಗ ಅಳೆಯುವ ಟೆಸ್ಟ್ ಆ್ಯಪ್ ಕೊಡುವ ಆ ಸ್ಕೋರ್ ಸುಳ್ಳೂ ಅಲ್ಲ. ಆದರೆ ಅದು ಮೊದಲ ನಿಮಿಷದ ಸ್ಕೋರ್. ಗೇಮ್ ಆಡುವವರು ನಲವತ್ತನೇ ನಿಮಿಷದಲ್ಲೂ ಆಡುತ್ತಲೇ ಇರುತ್ತಾರೆ. ಎಷ್ಟು ಸಲ ಹೇಳಿದರೂ ಈ ವ್ಯತ್ಯಾಸ ಜನರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆ ಮೇಲೆ 60 ಚಿತ್ರ ಬೇಕು ಎಂದರೆ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಒತ್ತಿದ ಬಟನ್ ಯಾವುದೆಂದು ಓದಬೇಕು, ಎದುರಾಳಿ ಏನು ಮಾಡಬೇಕೆಂದು ತೀರ್ಮಾನಿಸಬೇಕು, ಯಾವುದು ಯಾವುದಕ್ಕೆ ಡಿಕ್ಕಿ ಹೊಡೆಯಿತು ಎಂದು ಲೆಕ್ಕ ಹಾಕಬೇಕು, ಬೆಳಕು ನೆರಳು ಎಲ್ಲ ಬಿಡಿಸಿ ಮುಗಿಸಬೇಕು. ಒಂದು ಮಿಲಿಸೆಕೆಂಡ್ ತಡವಾದರೂ ಆ ಫ್ರೇಮ್ ತಪ್ಪಿತು. ಪರದೆಯ ಮೇಲೆ ಹಳೇ ಚಿತ್ರವೇ ಇನ್ನೊಂದು ಸುತ್ತು ನಿಲ್ಲುತ್ತದೆ. ಇದು ಆಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ಇಷ್ಟಕ್ಕೆಲ್ಲ ಕರೆಂಟ್ ಬೇಕು. ಚಿಪ್ ಎಳೆದ ಕರೆಂಟೆಲ್ಲ ಕೊನೆಗೆ ಶಾಖವಾಗಿ ಹೊರಬರಬೇಕು. ಪ್ಲೇಸ್ಟೇಷನ್ 5 ಭಾರಿ ಗೇಮ್ ಓಡಿಸುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. ಅದರ ಪೆಟ್ಟಿಗೆ ಅಷ್ಟು ದೊಡ್ಡದಿರುವುದು ಮುಖ್ಯವಾಗಿ ಒಳಗಿನ ಹೀಟ್‌ಸಿಂಕ್ (ಶಾಖ ಹೀರಿ ಹೊರಬಿಡುವ ಲೋಹದ ಭಾಗ) ಮತ್ತು ಫ್ಯಾನ್‌ಗಾಗಿ. 2024ರ 13 ಇಂಚಿನ ಐಪ್ಯಾಡ್ ಪ್ರೊ ದಪ್ಪ ಬರೀ 5.1 ಮಿಲಿಮೀಟರ್, ಫ್ಯಾನ್ ಇಲ್ಲ. ಶಾಖ ಹೆಚ್ಚಾಗಿ ಹಿಂಬದಿಯ ಲೋಹದ ಮೂಲಕ ಹೋಗಬೇಕು, ನಿಮ್ಮ ಬೆರಳು ಇರುವುದೂ ಅಲ್ಲೇ. ಹಾಗಾಗಿ ಒಂದು ಮಟ್ಟ ಮುಟ್ಟಿದ ಮೇಲೆ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಇದು ದೋಷ ಅಲ್ಲ. ಇಳಿಸದಿದ್ದರೆ ಅದನ್ನು ಕೈಯಲ್ಲಿ ಹಿಡಿಯೋಕೇ ಆಗುವುದಿಲ್ಲ.

ಟೆಸ್ಟ್ ಮಾಡುವಾಗ ನಾನು ಗೇಮ್‌ಗಿಂತ ಜಾಸ್ತಿ ನೋಡುವುದು ಫ್ರೇಮ್ ಟೈಮ್ ಗ್ರಾಫ್, ಅಂದರೆ ಒಂದೊಂದು ಫ್ರೇಮ್‌ಗೆ ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುವ ಗೆರೆ. ಶುರುವಿನಲ್ಲಿ ಗೆರೆ ಹದಿಮೂರು, ಹದಿನಾಲ್ಕು ಮಿಲಿಸೆಕೆಂಡ್ ಹತ್ತಿರ ನೆಟ್ಟಗೆ ಹೋಗುತ್ತದೆ. ಪಕ್ಕದಲ್ಲಿ ನಿಂತವರ ಮುಖ ಅರಳುತ್ತದೆ, "ಆಯ್ತಲ್ಲ ಸರ್" ಅಂತಾರೆ. ಸ್ವಲ್ಪ ಕೂತ್ಕೊಳ್ಳಿ ಅಂತೀನಿ. ಕಾಲು ಗಂಟೆ ಆಗುವಷ್ಟರಲ್ಲಿ ಗೆರೆ ಮೆಲ್ಲಗೆ ಮೇಲೇರಿ ಹದಿನೇಳು ದಾಟುತ್ತದೆ. ಅಲ್ಲಿಂದ ಒಮ್ಮೆ ಇಪ್ಪತ್ತು, ಒಮ್ಮೆ ಹದಿನಾರು, ಮತ್ತೆ ಇಪ್ಪತ್ತೆರಡು, ಹೀಗೆ ಗರಗಸದ ಹಲ್ಲಿನ ಆಕಾರ ಬರುತ್ತದೆ. ಅದೇ ಟ್ಯಾಬ್ಲೆಟ್‌ಗೆ ದಪ್ಪ ಕವರ್ ಹಾಕಿ, ಚಾರ್ಜಿಗಿಟ್ಟು, ಬ್ರೈಟ್‌ನೆಸ್ ಪೂರ್ತಿ ಏರಿಸಿ ಆಡಿದರೆ ಆ ಹಲ್ಲುಗಳು ಇನ್ನೂ ಬೇಗ ಶುರುವಾಗುತ್ತವೆ. ಮನೆಯಲ್ಲಿ ಮಕ್ಕಳು ಆಡುವುದು ಹೆಚ್ಚಾಗಿ ಹಾಗೇ ಅಲ್ವಾ? ಎಲ್ಲ ಟ್ಯಾಬ್ಲೆಟ್‌ಗಳೂ ಇಷ್ಟೇ ಬೇಗ ಸೋಲುತ್ತವೆ ಎಂದು ಹೇಳಲಾರೆ. ಮಾಡೆಲ್, ರೂಮಿನ ಸೆಕೆ, ಗೇಮ್ ಯಾವುದು ಎನ್ನುವುದರ ಮೇಲೆ ತುಂಬಾ ಬದಲಾಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ತ್ರೀಡಿಮಾರ್ಕ್ ಆ್ಯಪ್‌ನಲ್ಲಿ ವೈಲ್ಡ್ ಲೈಫ್ ಎಂಬ ಟೆಸ್ಟ್ ಇದೆ. ಅದು ಒಂದು ನಿಮಿಷದ್ದು, ಜನ ಒಬ್ಬರಿಗೊಬ್ಬರು ಕಳಿಸಿಕೊಳ್ಳುವುದು ಈ ಸ್ಕೋರನ್ನೇ. ಅದರ ಪಕ್ಕದಲ್ಲೇ ಸ್ಟ್ರೆಸ್ ಟೆಸ್ಟ್ ಇದೆ. ಅದೇ ದೃಶ್ಯವನ್ನು 20 ನಿಮಿಷ ಬಿಡದೆ ಓಡಿಸಿ, ಅತಿ ಒಳ್ಳೆಯ ಸುತ್ತಿನ ಸ್ಕೋರ್ ಮತ್ತು ಅತಿ ಕಡಿಮೆ ಸುತ್ತಿನ ಸ್ಕೋರ್ ಎರಡನ್ನೂ ತೋರಿಸುತ್ತದೆ. ದಯವಿಟ್ಟು ಕಡಿಮೆ ಇರುವುದನ್ನು ನೋಡಿ. ಮೊದಲನೆಯದನ್ನು ಹಿಡಿದುಕೊಂಡು ಗೇಮ್ ಪ್ಲಾನ್ ಮಾಡುವುದು, ನೂರು ಮೀಟರ್ ಓಟದಲ್ಲಿ ಗೆದ್ದವನ ಹೆಗಲಿಗೆ ಮೂಟೆ ಹೊರಿಸಿ ಬೆಟ್ಟ ಹತ್ತು ಎಂದ ಹಾಗೆ.

"ಮುಂದಿನ ವರ್ಷ ಇನ್ನೂ ಫಾಸ್ಟ್ ಚಿಪ್ ಬರುತ್ತಲ್ಲ ಸರ್" ಎನ್ನುವುದು ಇದರ ಹಿಂದೆಯೇ ಬರುವ ಮಾತು. ಬರುತ್ತದೆ, ಅಂತರ ಕಡಿಮೆಯಾಗುತ್ತಿರುವುದೂ ನಿಜ. ಐಪ್ಯಾಡ್ ಪ್ರೊ ಗ್ರಾಫಿಕ್ಸ್ ಎಕ್ಸ್‌ಬಾಕ್ಸ್ ಒನ್ ಎಸ್ ಕನ್ಸೋಲ್ ಮಟ್ಟದ್ದು ಎಂದು ಆಪಲ್ 2018ರಲ್ಲೇ ವೇದಿಕೆ ಮೇಲೆ ಹೇಳಿತ್ತು. 2023ರಿಂದ ದೊಡ್ಡ ಕನ್ಸೋಲ್ ಗೇಮ್‌ಗಳು ಐಫೋನ್‌ನಲ್ಲೂ ಓಡುತ್ತಿವೆ. ನಮ್ಮ ಕಸುಬಿನವರಿಗೆ ಅದು ಸಂತೋಷದ ವಿಷಯವೇ. ಆದರೆ ಚಿಪ್ ಒಂದೇ ಇದ್ದರೆ ಸಾಲದು, ಅದಕ್ಕೆ ಮೆಮೊರಿಯಿಂದ ಡೇಟಾ ಬರುತ್ತಿರಬೇಕು. ಪ್ಲೇಸ್ಟೇಷನ್ 5ರಲ್ಲಿ ಸೆಕೆಂಡಿಗೆ 448 ಜಿಬಿ ಬರುತ್ತದೆ. ಎಂ4 ಚಿಪ್‌ನ ಆ 2024ರ ಐಪ್ಯಾಡ್‌ನಲ್ಲಿ 120 ಜಿಬಿ. ಇನ್ನು ಟಿವಿ ಬಾಕ್ಸ್‌ಗಳ ಕಥೆ ಬೇರೆಯೇ. 2020ರ ಗೂಗಲ್ ಟಿವಿ ಕ್ರೋಮ್‌ಕಾಸ್ಟ್‌ನಲ್ಲಿ 2 ಜಿಬಿ ಮೆಮೊರಿ, 8 ಜಿಬಿ ಸ್ಟೋರೇಜ್ ಇತ್ತು. ಇವತ್ತಿನ ಒಂದು ದೊಡ್ಡ ಕನ್ಸೋಲ್ ಗೇಮ್ 100 ಜಿಬಿ ದಾಟುವುದುಂಟು. ಆ ಬಾಕ್ಸ್ ಮಾಡಿದ್ದು ಸಿನಿಮಾ ನೋಡೋಕೆ, ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ವೇಗವೇ ಎಲ್ಲ ಅಲ್ಲ ಎಂದು ತೋರಿಸಲು ನಾನು ಯಾವಾಗಲೂ ಎರಡು ಯಂತ್ರಗಳ ಹೆಸರು ಹೇಳುತ್ತೇನೆ. 2015ರಲ್ಲಿ ಬಂದ ಎನ್‌ವಿಡಿಯಾ ಶೀಲ್ಡ್ ಟಿವಿ ಬಾಕ್ಸ್‌ನಲ್ಲಿ ಟೆಗ್ರಾ ಎಕ್ಸ್1 ಚಿಪ್ ಇತ್ತು. 2017ರ ಮಾರ್ಚ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ ಕನ್ಸೋಲ್‌ನಲ್ಲೂ ಅದೇ ಟೆಗ್ರಾ ಎಕ್ಸ್1. ಶೀಲ್ಡ್‌ನ ಗ್ರಾಫಿಕ್ಸ್ ಸುಮಾರು 1000 ಮೆಗಾಹರ್ಟ್ಸ್‌ವರೆಗೆ ಹೋಗಬಲ್ಲದು. ಸ್ವಿಚ್‌ನಲ್ಲಿ ಟಿವಿಗೆ ಜೋಡಿಸಿದಾಗ 768, ಕೈಯಲ್ಲಿ ಹಿಡಿದು ಆಡುವಾಗ ಅದರ ಅರ್ಧದ ಆಸುಪಾಸು. ಅಂದರೆ ನಿಂಟೆಂಡೊ ಬೇಕೆಂದೇ ವೇಗ ಕಮ್ಮಿ ಇಟ್ಟಿತು, ಒಳಗೊಂದು ಪುಟ್ಟ ಫ್ಯಾನ್ ಕೂಡ ಇಟ್ಟಿತು. ಇಷ್ಟು ಕಮ್ಮಿ ವೇಗದ ಈ ಯಂತ್ರ ಇವತ್ತಿನವರೆಗೆ 15 ಕೋಟಿಗಿಂತ ಜಾಸ್ತಿ ಮಾರಾಟವಾಗಿದೆ. ಸ್ವಿಚ್‌ಗೆ ಗೇಮ್ ಬರೆಯುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಇಷ್ಟು ವೇಗ ಸಿಗುತ್ತದೆ, ಮೊದಲ ನಿಮಿಷದಲ್ಲೂ ಸಿಗುತ್ತದೆ, ಎರಡು ಗಂಟೆ ಆದ ಮೇಲೂ ಸಿಗುತ್ತದೆ, ಕೊಂಡ ಪ್ರತಿಯೊಬ್ಬರಿಗೂ ಅಷ್ಟೇ ಸಿಗುತ್ತದೆ. ಈ ಖಾತ್ರಿ ಇದ್ದರೆ ಕೊನೆಯ ಮಿಲಿಸೆಕೆಂಡ್‌ವರೆಗೂ ಲೆಕ್ಕ ಹಾಕಿ ಬರೆಯಬಹುದು. ಟ್ಯಾಬ್ಲೆಟ್‌ಗೆ ಬರೆಯುವಾಗ ಅತಿ ಸೋತ ಯಂತ್ರದ ಅತಿ ಬಿಸಿಯಾದ ಹೊತ್ತನ್ನು ಲೆಕ್ಕಕ್ಕೆ ಹಿಡಿದು ಬರೆಯಬೇಕು. ಉಳಿದ ಶಕ್ತಿ ಸುಮ್ನೆ ಪೋಲು.

ಕಂಟ್ರೋಲರ್‌ಗೂ ಇದೇ ಮಾತು. ಕನ್ಸೋಲ್ ಕೊಂಡವರ ಕೈಯಲ್ಲಿ ಕಂಟ್ರೋಲರ್ ಇದ್ದೇ ಇರುತ್ತದೆ. 2015ರಲ್ಲಿ ಆಪಲ್ ಟಿವಿಗೆ ಗೇಮ್‌ಗಳು ಬಂದಾಗ, ಪ್ರತಿಯೊಂದು ಗೇಮನ್ನೂ ಅದರ ಸಣ್ಣ ರಿಮೋಟ್‌ನಲ್ಲೇ ಆಡುವ ಹಾಗಿರಬೇಕು ಎಂಬ ನಿಯಮ ಇತ್ತು. ಎರಡು ಸ್ಟಿಕ್, ಹತ್ತಾರು ಬಟನ್ ಬಳಸುವ ಗೇಮನ್ನು ಆ ರಿಮೋಟ್‌ಗೆ ಹೇಗೆ ಇಳಿಸುವುದು? ಮರುವರ್ಷ ನಿಯಮ ಸಡಿಲಿಸಿದರು, ಆದರೆ ಅಷ್ಟರಲ್ಲಿ ಎಷ್ಟೋ ತಂಡಗಳು ಬೇರೆ ಕಡೆ ಹೋಗಿದ್ದವು. ಊಯಾ ಎಂಬ ಕಂಪನಿ ಇನ್ನೊಂದು ದಾರಿ ಹಿಡಿಯಿತು. 2012ರಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ 85 ಲಕ್ಷ ಡಾಲರ್ ಮೀರಿ ಹಣ ಎತ್ತಿ, ಮರುವರ್ಷ ಆಂಡ್ರಾಯ್ಡ್ ಬಾಕ್ಸ್ ಜೊತೆಗೇ ಕಂಟ್ರೋಲರ್ ಕೊಟ್ಟಿತು. ಆ ತಂಡದ ಆಸೆ ನನಗೆ ಈಗಲೂ ಇಷ್ಟ. ಆದರೆ ಅದಕ್ಕೆಂದೇ ಬರೆದ ಗೇಮ್‌ಗಳು ಸಾಕಷ್ಟು ಬರಲಿಲ್ಲ. 2019ರಲ್ಲಿ ಸರ್ವರ್ ಕೂಡ ಮುಚ್ಚಿತು.

ಹಾಗಂತ ಎಲ್ಲರೂ ಕನ್ಸೋಲ್ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಒಬ್ಬ ತಾಯಿ ಮಗಳಿಗೆ ಕನ್ಸೋಲ್ ಕೊಡಿಸಬೇಕೆಂದು ಬಂದು ಕೇಳಿದರು. ಮಗು ಏನು ಆಡುತ್ತದೆ ಎಂದು ಕೇಳಿದೆ. ಒಂದು ಒಗಟಿನ ಗೇಮ್, ಹೊಲ ತೋಟ ಬೆಳೆಸುವ ಇನ್ನೊಂದು. "ಅಮ್ಮಾ, ಮನೆಯಲ್ಲಿರೋ ಟ್ಯಾಬ್ಲೆಟ್ ಸಾಕು, ಬೇಕಿದ್ರೆ ಒಂದು ಬ್ಲೂಟೂತ್ ಕಂಟ್ರೋಲರ್ ತಗೊಳ್ಳಿ" ಎಂದೆ. ಅಂಥ ಗೇಮ್‌ಗಳಿಗೆ ಚಿಪ್ ಬಿಸಿಯೇ ಆಗುವುದಿಲ್ಲ. ಹೆಚ್ಚಿನ ಮನೆಗಳ ಆಟ ಇಷ್ಟರಲ್ಲೇ ಮುಗಿಯುತ್ತದೆ. ಮಕ್ಕಳು ಏನು ಆಡುತ್ತಾರೆ ಎಂದು ಮೊದಲು ನೋಡದೆ ಸ್ಕೋರ್ ಹೋಲಿಸುತ್ತಾ ಕೂರುವುದು ನನಗೆ ಸಂಕಟ.

ಟಿವಿ ಬಾಕ್ಸ್‌ನಲ್ಲಿ ದೊಡ್ಡ ಗೇಮ್ ಬೇಕೇ ಬೇಕು ಎನ್ನುವವರಿಗೆ ಕ್ಲೌಡ್ ಗೇಮಿಂಗ್ ಇದೆ. ಗೇಮ್ ದೂರದ ಸರ್ವರ್‌ನಲ್ಲಿ ಓಡುತ್ತದೆ, ನಿಮ್ಮ ಬಾಕ್ಸ್ ವಿಡಿಯೋ ತೋರಿಸಿ ಬಟನ್ ಒತ್ತಿದ್ದನ್ನು ಕಳಿಸುತ್ತದೆ. ಬಾಕ್ಸ್ ಬಿಸಿಯಾಗುವ ಚಿಂತೆ ಇಲ್ಲ. ಬದಲಿಗೆ ತಡ ಸೇರಿಕೊಳ್ಳುತ್ತದೆ, ಜೊತೆಗೆ ಸೇವೆ ನಿಂತರೆ ಗೇಮ್ ಕೂಡ ಹೋಗುವ ಅಪಾಯ. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಶುರುವಾಗಿ 2023ರ ಜನವರಿಯಲ್ಲಿ ನಿಂತಿತು. ನಿಧಾನವಾಗಿ ಆಡುವ ಗೇಮ್‌ಗಳಿಗೆ ಕ್ಲೌಡ್ ಧಾರಾಳ ಸಾಕು. ಫೈಟಿಂಗ್, ರೇಸಿಂಗ್ ಆದರೆ ಕೊಳ್ಳುವ ಮೊದಲು ಕೆಲವು ದಿನ ಆಡಿ ನೋಡಿ. ಬಾಕ್ಸ್‌ಗೆ ವೈಫೈ ಬದಲು ಕೇಬಲ್ ಹಾಕಿ, ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಬಾಕ್ಸ್ ಸ್ಲೋ ಎಂದು ನನ್ನ ಹತ್ತಿರ ಬರುವ ದೂರುಗಳಲ್ಲಿ ಎಷ್ಟೋ ಸಲ ತಡ ಮಾಡುತ್ತಿರುವುದು ಚಿತ್ರ ಚಂದ ಮಾಡಲು ಹೋಗುವ ಟಿವಿಯೇ.