ಫಿಲ್ಮ್ ಸ್ಕ್ಯಾನರ್‌ಗೆ ಎಂಥ ಬೆಳಕು ಬೇಕು?

ಫಿಲ್ಮ್ ಹಿಂದೆ ಬೆಳಕಿಟ್ಟು ಕ್ಯಾಮೆರಾದಿಂದ ಅದರ ಫೋಟೊ ತೆಗೆಯುವ ಫಿಲ್ಮ್ ಸ್ಕ್ಯಾನರ್ ಅನ್ನು ಮನೆಯಲ್ಲೇ ಕಟ್ಟುವವರು ಕ್ಯಾಮೆರಾ, ಮ್ಯಾಕ್ರೋ ಲೆನ್ಸ್‌ಗಾಗಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಬೆಳಕಿಗೆ ಮಾತ್ರ ಕೈಗೆ ಸಿಕ್ಕ ಎಲ್‌ಇಡಿ ಪ್ಯಾನೆಲ್. ಆಮೇಲೆ ಚರ್ಮದ ಬಣ್ಣ ಸರಿ ಬರಲಿಲ್ಲ ಅಂತ ಸಾಫ್ಟ್‌ವೇರ್‌ಗೆ ಬೈಗುಳ.

ಎಷ್ಟು ವಾಟ್ ಬೇಕು ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ನನ್ನ ಪ್ರಕಾರ ಅದು ಕೊನೆಯದು. ಫಿಲ್ಮ್, ಕ್ಯಾಮೆರಾ ಎರಡೂ ಅಲುಗದಿದ್ದರೆ ಅರ್ಧ ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟರೂ ನಷ್ಟವಿಲ್ಲ. ಆ ಬಿಳಿ ಬೆಳಕಿನಲ್ಲಿ ಯಾವ ಬಣ್ಣ ಎಷ್ಟಿದೆ ಅಂತ ಮೊದಲು ನೋಡಿ.

ಸಾಮಾನ್ಯ ಬಿಳಿ ಎಲ್‌ಇಡಿ ಒಳಗೆ ಇರುವುದು ನೀಲಿ ಎಲ್‌ಇಡಿ, ಮೇಲೆ ಆ ನೀಲಿಯ ಒಂದಷ್ಟನ್ನು ಹಳದಿ ಬೆಳಕಾಗಿಸುವ ಫಾಸ್ಫರ್ ಲೇಪ. ಹಾಗಾಗಿ 450 ನ್ಯಾನೋಮೀಟರ್ ತರಂಗಾಂತರದ ಹತ್ತಿರ ನೀಲಿ ಜಾಸ್ತಿ, 480ರ ಆಸುಪಾಸು ಒಂದು ಹಳ್ಳ, ಗಾಢ ಕೆಂಪು ತೀರಾ ಕಡಿಮೆ. ಕಲರ್ ನೆಗೆಟಿವ್‌ನ ಸಯಾನ್ (ಹಸಿರು ಬೆರೆತ ನೀಲಿ) ಡೈ ಹೀರುವುದು ಆ ಗಾಢ ಕೆಂಪನ್ನೇ. ಅಲ್ಲಿ ಬೆಳಕೇ ಇಲ್ಲದಿದ್ದರೆ ಕ್ಯಾಮೆರಾ ಅಳೆಯುವುದಾದರೂ ಏನನ್ನು?

ಸಿಆರ್‌ಐ (ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕಿ, ಗರಿಷ್ಠ 100) 95 ದಾಟಿದ ಪ್ಯಾನೆಲ್ ತಗೊಳ್ಳಿ, ಆದರೆ ಆ ಅಂಕಿಯನ್ನೇ ನಂಬಿ ಕೂರಬೇಡಿ. ಅದು 8 ಮಂದ ಬಣ್ಣಗಳ ಸರಾಸರಿ. ಗಾಢ ಕೆಂಪಿನ ಆರ್‌9 ಅದರಲ್ಲಿ ಸೇರಿಯೇ ಇಲ್ಲ, ಬೇರೆ ಕೇಳಬೇಕು. ಇನ್ನೊಂದು ವಿಷಯ: ಸಿಆರ್‌ಐ ಅಳೆಯುವುದು ಮನುಷ್ಯರ ಕಣ್ಣಿನ ಲೆಕ್ಕದಲ್ಲಿ. ಕಲರ್ ನೆಗೆಟಿವ್ ಮಾಡಿದ್ದು ಕಣ್ಣಿಗಲ್ಲ, ಪ್ರಿಂಟ್ ಪೇಪರ್‌ಗೆ. ಅದಕ್ಕೇ ಹಟವಾದಿಗಳು 660, 530, 450ರ ಸುಮಾರಿನ ಕೆಂಪು, ಹಸಿರು, ನೀಲಿ ಎಲ್‌ಇಡಿಗಳನ್ನು ಒಂದೊಂದಾಗಿ ಉರಿಸಿ ಮೂರು ಶಾಟ್ ತೆಗೆದು ಸೇರಿಸುತ್ತಾರೆ. ಕೆಲಸ ಮೂರು ಪಟ್ಟು, ನಿಜ. ಆದರೆ ಡೈಗಳ ಬೆರಕೆ ಕಡಿಮೆಯಾಗುತ್ತದೆ, ಕಿತ್ತಳೆ ಮಾಸ್ಕ್ (ಇಡೀ ನೆಗೆಟಿವ್ ಮೇಲೆ ಕಾಣುವ ಕಿತ್ತಳೆ ಛಾಯೆ) ತಿನ್ನುವ ನೀಲಿಗೆ ಬೇಕಾದಷ್ಟು ಎಕ್ಸ್‌ಪೋಶರ್ ಕೊಡಬಹುದು. ಸ್ಲೈಡ್‌ಗೆ (ಬಣ್ಣ ತಿರುಗಮುರುಗ ಆಗದೆ ಇದ್ದಂತೆಯೇ ಕಾಣುವ ಫಿಲ್ಮ್) ಈ ಸಾಹಸ ಬೇಡ. ಅದು ಕಣ್ಣಿಂದ ನೋಡಲೆಂದೇ ಮಾಡಿದ್ದು, ಒಳ್ಳೆಯ ಬಿಳಿ ಬೆಳಕು ಸಾಕು.

ಕಪ್ಪು ಬಿಳುಪು ಫಿಲ್ಮ್‌ಗೆ ಬಣ್ಣದ ಚಿಂತೆ ಇಲ್ಲ, ಆದರೆ ಬೆಳಕು ಚೆನ್ನಾಗಿ ಚದುರಿರಬೇಕು. ಬೆಳ್ಳಿಯ ಕಣಗಳು ಬೆಳಕನ್ನು ಚೆದುರಿಸುತ್ತವೆ. ಬೆಳಕು ನೇರವಾಗಿ ಒಂದೇ ದಿಕ್ಕಿನಿಂದ ಬಂದರೆ ಕಾಂಟ್ರಾಸ್ಟ್ ಏರುತ್ತದೆ, ಗೀರುಗಳೂ ಎದ್ದು ಕಾಣುತ್ತವೆ. ಹಾಲುಬಣ್ಣದ ಅಕ್ರಿಲಿಕ್ ಹಾಳೆ ಇಟ್ಟು, ಫಿಲ್ಮ್ ಅನ್ನು ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲೆ ಹಿಡಿಯಿರಿ. ಹಾಳೆಯ ಮೇಲಿನ ಧೂಳು ಫೋಕಸ್‌ಗೆ ಸಿಗುವುದಿಲ್ಲ. ಟ್ಯಾಬ್ಲೆಟ್ ಪರದೆ ಮೇಲೆ ಫಿಲ್ಮ್ ಸುಮ್ನೆ ಮಲಗಿಸಿದರೆ ಪಿಕ್ಸೆಲ್ ಜಾಲವೇ ಚಿತ್ರದಲ್ಲಿ ಮೂಡುತ್ತದೆ. ಫ್ರೇಮ್ ಸುತ್ತ ಸೋರುವ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ.

ಕೊಳ್ಳುವ ಮುನ್ನ ಮಿನುಗನ್ನೂ ಪರೀಕ್ಷಿಸಿ. ಪ್ಯಾನೆಲ್ ಮಂದ ಮಾಡಿ, ಎಲೆಕ್ಟ್ರಾನಿಕ್ ಶಟರ್‌ನಲ್ಲಿ 1/1000 ಸೆಕೆಂಡ್‌ಗೆ ಅದರದೇ ಫೋಟೊ ತೆಗೆಯಿರಿ. ಪಟ್ಟೆ ಕಂಡರೆ ಆ ಡಿಮ್ಮರ್ ಬೆಳಕನ್ನು ಕಡಿದು ಕಡಿದು ಕೊಡುತ್ತಿದೆ. ಅಂಥದ್ದನ್ನು ಕೊಂಡೇ ಬಿಟ್ಟಿದ್ದರೆ ಡಿಮ್ಮರ್ ಮುಟ್ಟಬೇಡಿ. ಪೂರ್ತಿ ಬೆಳಕಿನಲ್ಲೇ ಉರಿಸಿ, ಐಎಸ್‌ಒ ಕೆಳಗಿಟ್ಟು, ಉಳಿದದ್ದನ್ನು ಶಟರ್‌ನಲ್ಲಿ ಸರಿಮಾಡಿಕೊಳ್ಳಿ.