‘ಸೀಜರ್ ಡಿಸಾರ್ಡರ್’: ಒಂದು ಪದ ಸೇರಿದರೆ ಬದಲಾಗುವ ಕೋಡ್

ಡಿಸ್ಚಾರ್ಜ್ ಸಾರಾಂಶದಲ್ಲಿ ವೈದ್ಯರು ‘ಸೀಜರ್’ (ಸೆಳವು, ಫಿಟ್ಸ್) ಎಂದಷ್ಟೇ ಬರೆದರೆ, ರೋಗಗಳಿಗೆ ಕೋಡ್ ಕೊಡುವ ಅಮೆರಿಕದ ಪಟ್ಟಿಯಾದ ಐಸಿಡಿ-10-ಸಿಎಂ ಪ್ರಕಾರ ಕೋಡ್ ಆರ್56.9. ಅದು ಬರೀ ಲಕ್ಷಣ. ಪಕ್ಕದಲ್ಲಿ ‘ಡಿಸಾರ್ಡರ್’ ಸೇರಿತೋ, ಜಿ40.909. ಅಲ್ಲಿಂದ ಆ ವ್ಯಕ್ತಿ ದಾಖಲೆಯಲ್ಲಿ ಮೂರ್ಛೆರೋಗಿ.

ಮೊದಲು ಹೀಗಿರಲಿಲ್ಲ. ಐಸಿಡಿ-9-ಸಿಎಂ ಕಾಲದಲ್ಲಿ ‘ಸೀಜರ್ ಡಿಸಾರ್ಡರ್’ ಲಕ್ಷಣಗಳ ಸಾಲಿನ 780.39ರಲ್ಲಿತ್ತು. 2006ರ ಅಕ್ಟೋಬರ್‌ನಲ್ಲಿ ಅದನ್ನು ಎಪಿಲೆಪ್ಸಿಯ (ಮೂರ್ಛೆರೋಗದ) 345.9ಕ್ಕೆ ಸರಿಸಿದರು. 2015ರ ಅಕ್ಟೋಬರ್ 1ರಂದು ಬಂದ ಐಸಿಡಿ-10-ಸಿಎಂ ಅದನ್ನೇ ಮುಂದುವರಿಸಿತು. ವೈದ್ಯರ ರೂಢಿ ಮಾತ್ರ ಬದಲಾಗಲಿಲ್ಲ. ಮೊದಲ ಸಲ ಫಿಟ್ಸ್ ಬಂದವರಿಗೂ ಅದೇ ಪದ ಬೀಳುತ್ತದೆ. ಅಂತರರಾಷ್ಟ್ರೀಯ ಎಪಿಲೆಪ್ಸಿ ಲೀಗ್‌ನ 2014ರ ವ್ಯಾಖ್ಯೆ ಬಿಗಿಯಾದದ್ದು: ತಕ್ಷಣದ ಪ್ರಚೋದನೆಯಿಲ್ಲದ ಎರಡು ಸೆಳವು, ನಡುವೆ 24 ಗಂಟೆಗಿಂತ ಹೆಚ್ಚು ಅಂತರ; ಇಲ್ಲವೇ ಅಂಥ ಒಂದೇ ಸೆಳವಾಗಿ, ಮುಂದಿನ 10 ವರ್ಷದಲ್ಲಿ ಮರುಕಳಿಸುವ ಸಂಭವ ಕನಿಷ್ಠ 60%; ಇಲ್ಲವೇ ಗುರುತಿಸಿದ ಎಪಿಲೆಪ್ಸಿ ಸಿಂಡ್ರೋಮ್. ಸಕ್ಕರೆ ಕುಸಿದು ಬಂದ ಒಂದು ಸೆಳವು ಇದರಲ್ಲಿ ಸೇರದು.

‘ಹಿಂದೆ ಫಿಟ್ಸ್ ಇತ್ತು, ಲೆವೆಟಿರಾಸಿಟಮ್ (ಸೆಳವು ತಡೆಯುವ ಔಷಧಿ) ನಡೆಯುತ್ತಿದೆ’ ಎಂಬ ಸಾಲಿನಿಂದ, ದಾಖಲೆ ನೋಡಿ ಕೋಡ್ ಹಾಕುವ ಕೋಡರ್ ಮೂರ್ಛೆರೋಗವೆಂದು ಊಹಿಸುವಂತಿಲ್ಲ, ವೈದ್ಯರನ್ನೇ ಕೇಳಬೇಕು. ಹೊರರೋಗಿ ವಿಭಾಗದಲ್ಲಿ ‘ಎಪಿಲೆಪ್ಸಿ ಇರಬಹುದು’ ಎಂದಿದ್ದರೆ ಕೋಡ್ ಲಕ್ಷಣಕ್ಕೆ ಮಾತ್ರ. ರೋಗ ಖಚಿತವಾದ ಮೇಲೆ ಜಿ40 ಜೊತೆ ಆರ್56.9 ಹಾಕಬಾರದು.

ಕೆಲಸಕ್ಕೆ ಬರುವ ಸಾಲು ಹೀಗಿರುತ್ತದೆ: ‘ಹಿಪ್ಪೊಕ್ಯಾಂಪಸ್ (ಮಿದುಳಿನ ಟೆಂಪೊರಲ್ ಲೋಬ್ ಎಂಬ ಭಾಗದ ಒಳಭಾಗ) ಗಾಯದ ಕಲೆಯಿಂದ ಟೆಂಪೊರಲ್ ಲೋಬ್ ಎಪಿಲೆಪ್ಸಿ, ಸೆಳವಿನಲ್ಲಿ ಅರಿವು ತಪ್ಪುತ್ತದೆ, ಸರಿಯಾಗಿ ಕೊಟ್ಟ ಎರಡು ಔಷಧಿಗೂ ನಿಂತಿಲ್ಲ, ಔಷಧಿಗೆ ಬಗ್ಗದ್ದು, ಸ್ಟೇಟಸ್ (ನಿಲ್ಲದೆ ಮುಂದುವರಿಯುವ ಸೆಳವು) ಇಲ್ಲ.’ ಇದು ಜಿ40.219. ಕೊನೆಯ ಎರಡು ಅಂಕಿಯಲ್ಲಿ 1 ಎಂದರೆ ಔಷಧಿಗೆ ಬಗ್ಗದ್ದು, 9 ಎಂದರೆ ಸ್ಟೇಟಸ್ ಎಪಿಲೆಪ್ಟಿಕಸ್ ಇಲ್ಲ. ಇಲ್ಲೊಂದು ತೊಡಕಿದೆ. 2017ರಲ್ಲಿ ಅದೇ ಲೀಗ್ ಸೆಳವುಗಳ ಹೆಸರು ಬದಲಿಸಿದ ಮೇಲೆ ವೈದ್ಯರು ‘ಫೋಕಲ್ (ಮಿದುಳಿನ ಒಂದು ಭಾಗದಲ್ಲಿ ಶುರುವಾಗುವ), ಅರಿವು ಕುಂದಿದ’ ಎಂದು ಬರೆಯುತ್ತಾರೆ, ಕೋಡ್ ಪುಸ್ತಕದಲ್ಲಿ ಇನ್ನೂ 1981ರ ‘ಕಾಂಪ್ಲೆಕ್ಸ್ ಪಾರ್ಷಿಯಲ್’. ಎರಡೂ ಒಂದೇ ಎಂದು ತಿಳಿದಿರಲೇಬೇಕು.

ಹೆಚ್ಚು ಅನ್ಯಾಯ ಆಗುವುದು ‘ಸರಿಯಾಗಿ ಹತೋಟಿಯಲ್ಲಿಲ್ಲ’ ಎಂಬ ಮಾತಿನಿಂದ. ಪುಸ್ತಕದ ಟಿಪ್ಪಣಿ ಅದನ್ನು ಔಷಧಿಗೆ ಬಗ್ಗದ್ದೆಂದೇ ಎಣಿಸುತ್ತದೆ. ರೋಗಿ ಮಾತ್ರೆ ಬಿಟ್ಟು ಸೆಳವು ಬಂದಿದ್ದರೆ ಆ ಪದವೇ ಬೇಡ. ‘ಲೆವೆಟಿರಾಸಿಟಮ್ ನಾಲ್ಕು ದಿನ ಬಿಟ್ಟಿದ್ದಾರೆ’ ಎಂದು ಬರೆದರೆ, ಎಪಿಲೆಪ್ಸಿ ಕೋಡ್‌ನ ನಂತರ ಟಿ42.6ಎಕ್ಸ್6ಎ ಸೇರಿಸಿ ಔಷಧಿ ಕಡಿಮೆಯಾದದ್ದನ್ನೂ ದಾಖಲಿಸಬಹುದು.