ಕಟ್ಟಿದ್ದು ಮೊದಲು, ಕಾನೂನು ಆಮೇಲೆ

ಅಮೆರಿಕದ ಬಾಸ್ಟನ್‌ಗೆ ಅಂಟಿಕೊಂಡ ಹಾಗೆ ಸೊಮರ್‌ವಿಲ್ ಅಂತ ಒಂದು ಊರಿದೆ. ಸುಮಾರು 80 ಸಾವಿರ ಜನ. ಊರಿನ ಎಷ್ಟು ಮನೆಗಳು ಊರಿನದೇ ಕಟ್ಟಡ ನಿಯಮಕ್ಕೆ ಪೂರ್ತಿ ಹೊಂದುತ್ತವೆ ಅಂತ ಅಲ್ಲಿನ ಯೋಜನಾ ಸಿಬ್ಬಂದಿ ಒಮ್ಮೆ ಲೆಕ್ಕ ಹಾಕಿದರು. ಸಿಕ್ಕಿದ್ದು ಬರೀ 22. ಮಿಕ್ಕವನ್ನು ಖಾಲಿ ಸೈಟಿನಲ್ಲಿ ಹಾಗೇ ಕಟ್ಟುತ್ತೇನೆ ಅಂದರೆ ಆಗ ಪರವಾನಗಿ ಸಿಗುತ್ತಿರಲಿಲ್ಲ.

ಇದು ಹೇಗಾಯಿತು? 1888ರಲ್ಲಿ ಎಂಜಿನಿಯರ್ ಫ್ರಾಂಕ್ ಸ್ಪ್ರೇಗ್ ಅಮೆರಿಕದ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ವಿದ್ಯುತ್ ಟ್ರಾಮ್ ಓಡಿಸಿದ. ಕೆಲವೇ ವರ್ಷಗಳಲ್ಲಿ ಎಲ್ಲ ಕಡೆ ಟ್ರಾಮ್ ಬಂತು, ಅದರ ಹಳಿಯ ಗುಂಟ ಬಡಾವಣೆಗಳು ಎದ್ದವು. ಸ್ಟಾಪಿನವರೆಗೆ ಎಲ್ಲರೂ ನಡೆದೇ ಹೋಗಬೇಕಲ್ವಾ? ಹಾಗಾಗಿ ಮನೆಗಳು ಒತ್ತೊತ್ತಾಗಿ ಬಂದವು. ಶಿಕಾಗೋದಲ್ಲಿ ಕೆಳಗೊಂದು ಮೇಲೊಂದು ಸಂಸಾರದ ಇಟ್ಟಿಗೆ ಮನೆ. ಲಾಸ್ ಏಂಜಲೀಸ್ ಕಡೆ ನಡುವೆ ಅಂಗಳ, ಸುತ್ತ ಪುಟ್ಟ ಮನೆಗಳು; ವಠಾರ ಅಂದರೂ ಸರಿಯೇ.

ಬಾಸ್ಟನ್ ಸುತ್ತಿನ ಮೂರಂತಸ್ತಿನ ಮರದ ಮನೆ ನನಗೆ ಎಲ್ಲಕ್ಕಿಂತ ಇಷ್ಟ. ಸೈಟು ಕಿರಿದು, ಅಂತಸ್ತಿಗೊಂದು ಮನೆ, ಹಿಂದೊಂದು ಮುಂದೊಂದು ಮೆಟ್ಟಿಲು, ಒಂದರ ಮೇಲೊಂದು ಜಗಲಿ. ವಲಸೆ ಬಂದ ಕೂಲಿಕಾರನೂ ಸಾಲ ಮಾಡಿ ಇಂಥದ್ದು ಕೊಳ್ಳಬಹುದಿತ್ತು. ಒಂದರಲ್ಲಿ ತಾನಿದ್ದು, ಉಳಿದೆರಡರ ಬಾಡಿಗೆಯಲ್ಲಿ ಕಂತು ಕಟ್ಟುತ್ತಿದ್ದ.

ಇದೇ ಕೆಲವರ ಕಣ್ಣು ಕುಕ್ಕಿತು. ಬೆಂಕಿಯ ಭಯ, ರೋಗದ ಭಯ ನಿಜವೇ; ಜೊತೆಗೆ ವಲಸಿಗರ ಬಗ್ಗೆ ತಾತ್ಸಾರವೂ ಇತ್ತು. ಈ ಮನೆಗಳನ್ನು ನಿಷೇಧಿಸಲು 1912ರಲ್ಲಿ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಪಟ್ಟಣಗಳಿಗೆ ದಾರಿ ಮಾಡಿಕೊಟ್ಟಿತು. 1916ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ ಸೈಟಿಗೊಂದೇ ಸಂಸಾರ ಇರಬೇಕಾದ ವಲಯಗಳನ್ನು ಮಾಡಿತು. ಮರುವರ್ಷ ಸುಪ್ರೀಂ ಕೋರ್ಟ್, ಜನಾಂಗ ನೋಡಿ ವಲಯ ಮಾಡಬಾರದು ಅಂದಿತು. ಆದರೆ ಮನೆಯ ಬಗೆ ನೋಡಿ ಮಾಡಲು ಅಡ್ಡಿ ಇರಲಿಲ್ಲ. ಬಾಡಿಗೆ ಮನೆ ಕಟ್ಟದಂತೆ ನೋಡಿಕೊಂಡರೆ ಬಡವರು ತಾವಾಗೇ ದೂರ ಉಳಿಯುತ್ತಾರೆ. 1926ರ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ ಅದೇ ಕೋರ್ಟ್ ಈ ಪದ್ಧತಿಯನ್ನು ಎತ್ತಿಹಿಡಿಯಿತು. ತೀರ್ಪು ಅಪಾರ್ಟ್‌ಮೆಂಟನ್ನು ಬಡಾವಣೆಯ ಪರಾವಲಂಬಿ ಎಂದೇ ಕರೆದಿದೆ.

ಆಮೇಲೆ ಸಾಲದ ಸರದಿ. 1934ರಲ್ಲಿ ಬಂದ ಒಕ್ಕೂಟ ಸರ್ಕಾರದ ಗೃಹಸಾಲ ವಿಮೆ ಹೊಸ ಒಂಟಿ ಮನೆಗಳ ಕಡೆಗೇ ವಾಲಿತು. ನಂತರ ಕಾರು. ಮನೆಗೆ ಎರಡು ಕಾರಿನ ಜಾಗ ಬಿಡಿ ಅಂತ ನಿಯಮ ಮಾಡಿದರೆ ಮೂರಂತಸ್ತಿನ ಮನೆಗೆ ಆರು ಕಾರು. ಹಿತ್ತಲು ಪೂರ್ತಿ ಸಿಮೆಂಟು. ಯಾವ ನಿಷೇಧವೂ ಬೇಡ, ಇಷ್ಟೇ ಸಾಕು.

2010ರಲ್ಲಿ ವಾಸ್ತುಶಿಲ್ಪಿ ಡೇನಿಯಲ್ ಪರೋಲೆಕ್ ಈ ಮನೆಗಳಿಗೆ 'ಮಿಸ್ಸಿಂಗ್ ಮಿಡಲ್' ಅಂತ ಹೆಸರಿಟ್ಟರು. ಒಂಟಿ ಮನೆಗೂ ದೊಡ್ಡ ಅಪಾರ್ಟ್‌ಮೆಂಟಿಗೂ ನಡುವೆ ಇದ್ದು ಕಾಣೆಯಾದವು ಅಂತ. 2018ರಲ್ಲಿ ಮಿನಿಯಾಪೊಲಿಸ್ ನಗರ ಸೈಟಿಗೆ ಮೂರು ಮನೆಗೆ ಒಪ್ಪಿತು, 2019ರಲ್ಲಿ ಆರೆಗನ್ ರಾಜ್ಯ ಅದೇ ಹಾದಿ ಹಿಡಿಯಿತು. ಸುದ್ದಿ ಜೋರಾಯಿತು, ಆದರೆ ಮಿನಿಯಾಪೊಲಿಸ್‌ನಲ್ಲಿ ಇಂಥ ಮನೆ ಜಾಸ್ತಿ ಏಳಲಿಲ್ಲ. ಸೈಟಿಗೆ ಮನೆ ಮೂರಾದರೂ ಕಟ್ಟಡದ ಅಳತೆ ಒಂಟಿ ಮನೆಯದ್ದೇ ಉಳಿದಿತ್ತು. ಯಾರು ತಾನೆ ಸುಮ್ನೆ ಕೈ ಸುಟ್ಟುಕೊಳ್ಳುತ್ತಾರೆ? ಅಲ್ಲಿ ಕೆಲಸಕ್ಕೆ ಬಂದದ್ದು ಬಸ್ಸು, ರೈಲು ಓಡಾಡುವ ರಸ್ತೆಗಳಲ್ಲಿ ದೊಡ್ಡ ಕಟ್ಟಡಕ್ಕೆ ಅವಕಾಶ ಕೊಟ್ಟದ್ದು, ಪಾರ್ಕಿಂಗ್ ಕಡ್ಡಾಯ ತೆಗೆದದ್ದು.

ಸೊಮರ್‌ವಿಲ್ 2019ರ ಡಿಸೆಂಬರ್‌ನಲ್ಲಿ ನಿಯಮಗಳನ್ನು ಮೊದಲಿಂದ ಬರೆಯಿತು. ಈ ಸಲ ಊರಲ್ಲಿ ನಿಂತಿರುವ ಮನೆಗಳನ್ನು ನೋಡಿಕೊಂಡು, ಬಗೆಬಗೆಯಾಗಿ ಹೆಸರಿಟ್ಟು, ಅಳತೆ ಹಾಕಿ ಬರೆದರು. ಆ ಪಟ್ಟಿಯಲ್ಲಿ ಮೂರಂತಸ್ತಿನ ಮರದ ಮನೆಗೂ ಜಾಗ ಸಿಕ್ಕಿತು, ಅದರ ಜಗಲಿಗೂ.